ನಾಟಿಗೆ ಮೊದಲು ನೂರು ಸಲ ಚೀಟಿ ಎತ್ತಿ ನೋಡಿ



ಟೊಮೆಟೊ ನಾಟಿಗೆ ಮೊದಲು ಲೆಕ್ಕ ಹಾಕದವರಿಲ್ಲ. ಸಸಿ, ಗೊಬ್ಬರ, ಔಷಧಿ, ಕಡ್ಡಿ, ದಾರ, ಕೂಲಿ, ಸಾಗಣೆ ಎಲ್ಲ ಸೇರಿ ಎಕರೆಗೆ 1,30,000 ರೂಪಾಯಿ ಖರ್ಚು ಎಂದು ಇಟ್ಟುಕೊಳ್ಳೋಣ. ಸರಾಸರಿ 800 ಬಾಕ್ಸು ಇಳುವರಿ, ಬಾಕ್ಸಿಗೆ ಸರಾಸರಿ 200 ರೂಪಾಯಿ ಧಾರಣೆ. 1,60,000 ಬಂದು 30,000 ಉಳಿಯುತ್ತದೆಂದು ಸಾಲದ ಕಾಗದಕ್ಕೆ ರುಜು ಹಾಕುತ್ತೇವೆ. ಇದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಸರಾಸರಿ ಮಳೆ, ಸರಾಸರಿ ಧಾರಣೆ ಪ್ರತಿ ವರ್ಷವೂ ಕೂಡಿ ಬರುವುದುಂಟೇ?

ಹಾಗಾದರೆ ಮಾಡುವುದೇನು? ಎರಡು ಚೊಂಬು ತೆಗೆದುಕೊಳ್ಳಿ. ಒಂದರಲ್ಲಿ ಇಳುವರಿಯ ಮೂರು ಚೀಟಿ ಹಾಕಿ: 400, 800, 1,200. ಇನ್ನೊಂದರಲ್ಲಿ ಧಾರಣೆಯ ಮೂರು: 100, 200, 300. ಒಂದೊಂದು ಚೀಟಿ ಎತ್ತಿ, ಗುಣಿಸಿ, ಖರ್ಚು ಕಳೆದು ಬರೆದುಕೊಳ್ಳಿ. ಒಂದು ಬೆಳೆ ಮುಗಿದಂತಾಯಿತು. ಚೀಟಿಗಳನ್ನು ಮತ್ತೆ ಹಾಕಿ, ಕಲಕಿ, ಎತ್ತಿ.

ನೂರು ಸಲ ಎತ್ತಿದರೆ ಏನಾಗುತ್ತದೆ? ಸರಾಸರಿ ಲಾಭ ಹೆಚ್ಚುಕಡಿಮೆ ಅದೇ 30,000. ಆದರೆ ಸುಮಾರು 55 ಸಲ ನಷ್ಟ! ಅದರಲ್ಲಿ ಸುಮಾರು 11 ಸಲ 90,000 ರೂಪಾಯಿ ಕೈಬಿಟ್ಟು ಹೋಗುತ್ತದೆ. ಅಪರೂಪಕ್ಕೆ ಬರುವ ದೊಡ್ಡ ಲಾಭ ಸರಾಸರಿಯನ್ನು ಮೇಲಕ್ಕೆತ್ತಿ ಈ ನಷ್ಟಗಳನ್ನು ಮರೆಮಾಡಿತ್ತು.

ಇದನ್ನೇ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲೂ, ಸ್ಪ್ರೆಡ್‌ಶೀಟ್ ಎಂಬ ಲೆಕ್ಕದ ಹಾಳೆ ಮಾಡಿಕೊಡುತ್ತದೆ. ಒಂದು ಸಾಲು ಒಂದು ಬೆಳೆ. ಚೀಟಿ ಎತ್ತುವ ಕೆಲಸಕ್ಕೆ ಒಂದು ಸೂತ್ರವಿದೆ. ಸಾವಿರ ಸಾಲು ಕ್ಷಣದಲ್ಲಿ ತುಂಬುತ್ತವೆ. ಇದು ಜೂಜಲ್ಲ. 1946ರಲ್ಲಿ ಸ್ಟಾನಿಸ್ಲಾವ್ ಉಲಾಂ ಎಂಬ ಗಣಿತಜ್ಞರು ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಇಸ್ಪೀಟು ಆಡುವಾಗ ಹೊಳೆದ ಉಪಾಯ. ಮಾಂಟೆ ಕಾರ್ಲೊ ವಿಧಾನ ಎಂದು ಇದಕ್ಕೆ ಹೆಸರು.

ಒಂದು ಎಚ್ಚರಿಕೆ. ಎಲ್ಲರಿಗೂ ಬೆಳೆ ಚೆನ್ನಾಗಿ ಬಂದ ವರ್ಷ ಮಂಡಿಯಲ್ಲಿ ಧಾರಣೆ ಬೀಳುವುದು ನಿಮಗೆ ಗೊತ್ತಿದ್ದದ್ದೇ. ಆದ್ದರಿಂದ ಹಳೆಯ ಲೆಕ್ಕವಿದ್ದವರು ವರ್ಷಕ್ಕೊಂದೇ ಚೀಟಿ ಮಾಡಿ, ಆ ವರ್ಷದ ಇಳುವರಿ ಮತ್ತು ಧಾರಣೆ ಎರಡನ್ನೂ ಅದರಲ್ಲೇ ಬರೆಯುವುದು ಉತ್ತಮ. ಕೆಟ್ಟ ವರ್ಷದ ಚೀಟಿಯನ್ನು ಬಚ್ಚಿಡಬೇಡಿ. ಚೀಟಿ ಸುಳ್ಳಾದರೆ ಫಲವೂ ಸುಳ್ಳು.

ಟೊಮೆಟೊ ಬೇಡವೆಂದು ನಾನು ಹೇಳುತ್ತಿಲ್ಲ. ಮುಂದಿನ ಧಾರಣೆಯನ್ನು ಚೀಟಿ ಹೇಳಲಾರದು. 90,000 ನಷ್ಟವಾದರೆ ನಮ್ಮ ಮನೆ ತಾಳೀತೇ ಎಂದು ಮಾತ್ರ ಅದು ಕೇಳುತ್ತದೆ. ತಾಳದು ಎನಿಸಿದರೆ ಅರ್ಧ ಎಕರೆಗೆ ಟೊಮೆಟೊ, ಅರ್ಧಕ್ಕೆ ರಾಗಿ ಹಾಕಿ. ಟೊಮೆಟೊದ ಲಾಭ ಅರ್ಧವಾದೀತು. ಆದರೆ ಆ 90,000 ನಷ್ಟವೂ 45,000ಕ್ಕೆ ಇಳಿಯುತ್ತದೆ, ಮನೆಗೆ ಹಿಟ್ಟೂ ಆಗುತ್ತದೆ. ಚೀಟಿ ಎತ್ತುವಾಗ ಮನೆಯ ಹೆಂಗಸರನ್ನೂ ಕೂರಿಸಿಕೊಳ್ಳಿ. ಗಿರವಿಗೆ ಹೋಗುವುದು ಅವರ ಒಡವೆಯಲ್ಲವೇ?

ಮುಂದಿನ ಸಲ ನಿಮ್ಮ ಊರಿಗೆ ಬಂದಾಗ ಹಳೆಯ ಮಂಡಿ ಪಟ್ಟಿಗಳನ್ನು ತನ್ನಿ. ಕಟ್ಟೆಯ ಮೇಲೆ ಕುಳಿತು ಕೂಡಿ ಲೆಕ್ಕ ಹಾಕೋಣ.

— ನಿಮ್ಮ ಗ್ರಾಮಸೇವಕ