ಮಾಯಾಬಜಾರಿನ ನಗೆ

ಬಲರಾಮನಿಗೆ ಶಶಿರೇಖೆಯೆಂಬ ಮಗಳಿದ್ದಳೆಂಬ ಮಾತು ವ್ಯಾಸಭಾರತದಲ್ಲಿ ಇಲ್ಲ. ಅವಳು ಜನ ಕಟ್ಟಿಕೊಂಡ ಕಥೆಯವಳು. ನಮ್ಮ ಯಕ್ಷಗಾನದಲ್ಲಿ ಅವಳೇ ಕನಕಾಂಗಿ. ಬೆಳಗಿನ ಜಾವದವರೆಗೆ ಚಾಪೆಯ ಮೇಲೆ ಕುಳಿತು 'ಕನಕಾಂಗಿ ಕಲ್ಯಾಣ'ವನ್ನು ನೋಡಿದವರಿಗೆ ಕಥೆ ಹೊಸದಲ್ಲ. ತೆಲುಗು ರಂಗಭೂಮಿಯಲ್ಲಿ 'ಶಶಿರೇಖಾ ಪರಿಣಯ'ವಾಗಿದ್ದ ಇದೇ ವಸ್ತುವನ್ನು ಕೆ. ವಿ. ರೆಡ್ಡಿಯವರು 1957ರಲ್ಲಿ ತೆಲುಗು ತಮಿಳುಗಳೆರಡರಲ್ಲಿಯೂ 'ಮಾಯಾಬಜಾರ್' ಎಂಬ ಚಿತ್ರವಾಗಿಸಿದರು. ಮುಂದೆ ಅದಕ್ಕೆ ಕನ್ನಡದ ಮಾತುಗಳನ್ನೂ ಜೋಡಿಸಲಾಯಿತು.

ಕಥೆಯ ಬುಡದಲ್ಲಿರುವುದು ನಗುವ ಸಂಗತಿಯಲ್ಲ. ಮಗಳನ್ನು ಅಭಿಮನ್ಯುವಿಗೆ ಕೊಡುವೆವೆಂದು ಹಿರಿಯರು ಮಾತು ಕೊಟ್ಟಿದ್ದರು. ಪಾಂಡವರು ರಾಜ್ಯ ಕಳೆದುಕೊಂಡೊಡನೆ ಆ ಮಾತು ಮರೆತುಹೋಯಿತು. ದುರ್ಯೋಧನನ ಮಗ ಲಕ್ಷ್ಮಣಕುಮಾರ ಒಳ್ಳೆಯ ವರನೆನಿಸಿದ. ಬಡತನ ಬಂದ ನೆಂಟರನ್ನು ಹೀಗೆ ಕಾಣುವುದು ದ್ವಾಪರಯುಗಕ್ಕೇ ಮುಗಿದುಹೋದ ವಾಡಿಕೆಯೆ? ಇಷ್ಟೆಲ್ಲ ಆದರೂ ಮೂರು ಗಂಟೆಯ ಚಿತ್ರದಲ್ಲಿ ಆ ಐವರು ಪಾಂಡವರು ಒಮ್ಮೆಯೂ ತೆರೆಯ ಮೇಲೆ ಬರುವುದಿಲ್ಲ. ಅವರ ಪರವಾಗಿ ಯುದ್ಧ ಹೂಡುವುದು ನಗೆ.

ಆ ನಗೆಗೆ ಸೇನಾಪತಿ ಘಟೋತ್ಕಚ. ನಿಜವಾದ ಶಶಿರೇಖೆಯನ್ನು ನಿದ್ದೆಯಲ್ಲಿಯೇ ಸಾಗಿಸಿ, ಅವಳ ರೂಪ ಧರಿಸಿ ತಾನೇ ಮದುಮಗಳಾಗಿ ಕೂರುತ್ತಾನೆ. ಇಲ್ಲಿ ಸಾವಿತ್ರಿಯವರ ಅಭಿನಯವನ್ನು ನೋಡಬೇಕು. ಸೀರೆ ಉಟ್ಟ ಎಳೆಯ ಹೆಣ್ಣು. ನಡಿಗೆ ಮಾತ್ರ ಗದೆ ಹೊತ್ತ ರಾಕ್ಷಸನದು. ಹೆಜ್ಜೆ ಬಿರುಸಾಗುತ್ತದೆ, ಹುಬ್ಬು ಗಂಟಾಗುತ್ತದೆ, ಎದೆ ಸೆಟೆಯುತ್ತದೆ. ಥಟ್ಟನೆ ವೇಷದ ನೆನಪಾಗಿ ನಾಚಿಕೆ! ಎಸ್. ವಿ. ರಂಗರಾಯರ ಘಟೋತ್ಕಚನನ್ನು ಆಕೆ ಅನುಕರಿಸುತ್ತಿದ್ದಾರೆ ಎಂದರೆ ಸಾಲದು. ರಾಕ್ಷಸನೊಬ್ಬ ಹೆಣ್ಣನ್ನು ಅನುಕರಿಸಲು ಹೆಣಗುವುದನ್ನು ಅಭಿನಯಿಸುತ್ತಿದ್ದಾರೆ. ಎರಡು ಪದರಿನ ಈ ಕೆಲಸ ಬಲು ಕಷ್ಟದ್ದು. ಇಡೀ ಚಿತ್ರದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದೇ.

ಮಾತು ಬರೆದ ಪಿಂಗಳಿ ನಾಗೇಂದ್ರರಾಯರ ಚೇಷ್ಟೆ ಇನ್ನೊಂದು ಬಗೆಯದು. ರಾಕ್ಷಸರ ಪಾಠಶಾಲೆಯಲ್ಲಿ ಶಿಷ್ಯನೊಬ್ಬ, 'ಅಸ್ಮದೀಯ' ಎಂದರೆ ನಮ್ಮವರಾದರೆ ಶತ್ರುಗಳು 'ತಸ್ಮದೀಯ'ರಾಗಬೇಕೆಂದು ಹೊಸ ಪದವನ್ನೇ ಹೊಸೆಯುತ್ತಾನೆ. ಗುರುವಿಗೆ ಸಿಟ್ಟು. ಘಟೋತ್ಕಚ ಮಾತ್ರ, ಯಾರೂ ಹುಟ್ಟಿಸದಿದ್ದರೆ ಮಾತುಗಳು ಹುಟ್ಟುವುದಾದರೂ ಹೇಗೆಂದು ಶಿಷ್ಯನ ಬೆನ್ನು ತಟ್ಟುತ್ತಾನೆ. ವ್ಯಾಕರಣದ ಪಂಡಿತರು ನಕ್ಕರೋ ಇಲ್ಲವೋ, ಸಂಸ್ಕೃತದ ಪರಿಚಯವುಳ್ಳ ಕನ್ನಡಿಗರಿಗೆ ಈ ಹಾಸ್ಯಕ್ಕೆ ಭಾಷಾಂತರ ಬೇಕಿಲ್ಲ.

ಮದುವೆಯ ಅಡಿಗೆಯನ್ನೆಲ್ಲ ಘಟೋತ್ಕಚನೊಬ್ಬನೇ ಮುಗಿಸುವ ದೃಶ್ಯವಂತೂ ಮನೆಮಾತು. ಮಾರ್ಕಸ್ ಬಾರ್ಟ್ಲೆಯವರ ಕ್ಯಾಮರಾದ ಮುಂದೆ ಲಾಡುಗಳು ತಾವಾಗಿಯೇ ಹಾರಿ ಬಂದು ಬಾಯೊಳಗೆ ಬೀಳುತ್ತವೆ. ಆದರೂ ಮಾಧವಪೆದ್ದಿ ಸತ್ಯಂ ಅವರ ಆ ಹಾಡನ್ನು ರೇಡಿಯೋದಲ್ಲಿ ಕಣ್ಣುಮುಚ್ಚಿ ಕೇಳಿ ನೋಡಿ. ಲಾಡು ಕಾಣಿಸದು, ನಗು ಮಾತ್ರ ಕೇಳಿಸುತ್ತದೆ. ಹಸಿವೂ ತೃಪ್ತಿಯೂ ಆ ಒಂದು ನಗುವಿನಲ್ಲಿಯೇ ತಿಳಿಯುತ್ತವೆ.

ಮದುವೆಯ ಮಂಟಪದಲ್ಲಿ ಹೆದರಿ ನಡುಗುವ ಲಕ್ಷ್ಮಣಕುಮಾರನನ್ನು ನೋಡಿ ನಾವು ಹೊಟ್ಟೆ ಹುಣ್ಣಾಗುವಂತೆ ನಗುತ್ತೇವೆ. ಆ ಹೊತ್ತಿನಲ್ಲಿ ದ್ರೋಣಪರ್ವ ಯಾರಿಗೆ ನೆನಪಿರುತ್ತದೆ? ಚಕ್ರವ್ಯೂಹದೊಳಗೆ ಅವನು ಬೀಳುವುದು ಅಭಿಮನ್ಯುವಿನ ಬಾಣಕ್ಕೆ. ಅದೇ ದಿನ ಅಭಿಮನ್ಯುವೂ ಮಡಿಯುತ್ತಾನೆ. ಮರುದಿನದ ರಾತ್ರಿ, ಕರ್ಣನ ಶಕ್ತ್ಯಾಯುಧಕ್ಕೆ, ಘಟೋತ್ಕಚ.