ಮಾದರಿ ದೋಣಿಯ ಪ್ರೊಪೆಲರ್ ಮತ್ತು ಮೋಟರಿನ ತಂಪು

ಹಡಗಿನ ಇತಿಹಾಸವನ್ನು ಇಸವಿಗಳ ಪಟ್ಟಿಯನ್ನಾಗಿ ಪಾಠ ಹೇಳುವದು ನಮ್ಮಲ್ಲಿ ರೂಢಿಯಾಗಿದೆ. ಆ ಇಸವಿಗಳ ಹಿಂದಿನ ತೊಡಕು ಎಂಥದೆಂಬದು ಸ್ವತಃ ಒಂದು ದೋಣಿಯನ್ನು ನಡೆಸಿ ನೋಡಿದ ಹೊರತು ಮನಸ್ಸಿಗೆ ಹತ್ತುವದಿಲ್ಲ. ರೇಡಿಯೋ ಅಲೆಗಳಿಂದ ದೋಣಿಯನ್ನು ನಡೆಸಬಹುದೆಂದು ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನಲ್ಲಿ ತೋರಿಸಿಕೊಟ್ಟನು. ಅಂಥದೇ ಒಂದು ಮಾದರಿ ದೋಣಿಯನ್ನು ನಾವು ಧಾರವಾಡದ ಕೆಲಗೇರಿ ಕೆರೆಯಲ್ಲಿ ಬಿಟ್ಟೆವು. ವೇಗ ಹೆಚ್ಚಲೆಂದು 38 ಮಿ.ಮೀ. ವ್ಯಾಸದ ಪ್ರೊಪೆಲರನ್ನು ತೆಗೆದು 42 ಮಿ.ಮೀ. ವ್ಯಾಸದ್ದನ್ನು ಜೋಡಿಸಿದೆವು, ಕೆಲವೇ ನಿಮಿಷಗಳಲ್ಲಿ ಮೋಟರು ಸುಟ್ಟಿತು.

ಇದರ ಕಾರಣವು ಸರಳವಾಗಿದೆ. ಆಕಾರವೂ ಸುತ್ತುವ ವೇಗವೂ ಒಂದೇ ಆಗಿದ್ದರೆ ಪ್ರೊಪೆಲರ್ ಬೇಡುವ ಶಕ್ತಿಯು ಸುಮಾರಾಗಿ ವ್ಯಾಸದ ಐದನೆಯ ಘಾತದಂತೆ ಏರುತ್ತದೆ. ನಾಲ್ಕೇ ಮಿ.ಮೀ. ಹೆಚ್ಚಿಸಿದ್ದರಿಂದ ಹೊರೆಯು 1.6 ಪಟ್ಟಿಗಿಂತ ಮಿಗಿಲಾಯಿತು. ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಸಾಗಬೇಕಾದ ಲೆಕ್ಕದ ದೂರ, ಹೆಚ್ಚಾದರೂ ಹೊರೆ ಏರುವದು. ಹೊರೆ ಏರಿದಂತೆ ಮೋಟರು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ವಿದ್ಯುತ್ಪ್ರವಾಹವು ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಶಾಖವು ನಾಲ್ಮಡಿಯಾಗುತ್ತದೆ.

ಈ ಶಾಖವನ್ನು ಕಳೆಯಲು ಕೆರೆಯ ನೀರೇ ಸಾಕು, ಪಂಪು ಬೇಕಿಲ್ಲ. ಪ್ರೊಪೆಲರಿನ ಹಿಂದೆ ಅದು ನೂಕುವ ನೀರಿಗೆ ಎದುರಾಗಿ ಸಣ್ಣ ಕೊಳವೆಯ ಬಾಯನ್ನು ಇಡಬೇಕು. ನುಗ್ಗಿದ ನೀರು ರಬ್ಬರಿನಂಥ ಮೆತ್ತನೆಯ ನಳಿಗೆಯ ಮೂಲಕ ಮೊದಲು ವೇಗನಿಯಂತ್ರಕವನ್ನೂ ಅನಂತರ ಮೋಟರಿನ ಸುತ್ತಲಿನ ಕವಚವನ್ನೂ ಹಾಯ್ದು, ನೀರಿನ ಮಟ್ಟಕ್ಕಿಂತ ಮೇಲಿರುವ ಪಕ್ಕದ ರಂಧ್ರದಿಂದ ಹೊರಬೀಳಬೇಕು. ಆ ಧಾರೆಯು ದಂಡೆಯಿಂದ ಕಾಣುವಂತಿರುವದು ಅವಶ್ಯ. ಅದು ನಿಂತರೆ ಬಾಯಿಗೆ ಪಾಚಿ ಸಿಕ್ಕಿದೆಯೆಂದು ತಿಳಿದು ದೋಣಿಯನ್ನು ಕೂಡಲೆ ಹಿಂದಕ್ಕೆ ಕರೆಯಬೇಕು.

ಆದರೆ ನಮ್ಮ ದೋಣಿಯಲ್ಲಿ ನೀರಿನ ಧಾರೆಯು ಕೊನೆಯವರೆಗೂ ಹರಿಯುತ್ತಲೇ ಇತ್ತು! ತಪ್ಪಾಗಿ ಆರಿಸಿದ ಪ್ರೊಪೆಲರಿಗೆ ತಂಪು ಪರಿಹಾರವಲ್ಲವೆಂಬದು ಇದರಿಂದ ಸ್ಪಷ್ಟವಾಗುವದು. ಅದಲ್ಲದೆ ಅದೇ ಹೊರೆಯನ್ನು ಹೊರುವ ಬ್ಯಾಟರಿಗೆ ಈ ನೀರು ಮುಟ್ಟುವದೇ ಇಲ್ಲ.

ಇತಿಹಾಸವೂ ಇದೇ ಪಾಠವನ್ನು ಹೇಳುತ್ತದೆ. ಇಂಗ್ಲೆಂಡಿನ ಫ್ರಾನ್ಸಿಸ್ ಪೆಟಿಟ್ ಸ್ಮಿತ್ 1836ರಲ್ಲಿ ತಿರುಪಿನ ಆಕಾರದ ಪ್ರೊಪೆಲರಿಗೆ ಪೇಟೆಂಟು ಪಡೆದನು. ಅವನ ಕಟ್ಟಿಗೆಯ ತಿರುಪಿಗೆ ಎರಡು ಪೂರ್ಣ ಸುತ್ತುಗಳಿದ್ದವು. 1837ರಲ್ಲಿ ಲಂಡನ್ನಿನ ಕಾಲುವೆಯೊಂದರಲ್ಲಿ ಪರೀಕ್ಷಿಸುವಾಗ ಅದರ ಅರ್ಧ ಭಾಗ ಮುರಿದುಹೋಯಿತು. ದೋಣಿಯು ನಿಲ್ಲುವ ಬದಲು ಮೊದಲಿಗಿಂತ ವೇಗವಾಗಿ ಓಡಿತು. ಸ್ಮಿತ್ತನು ಆ ಅಪಘಾತವನ್ನು ಅಲಕ್ಷಿಸದೆ ತನ್ನ ವಿನ್ಯಾಸವನ್ನೇ ತಿದ್ದಿಕೊಂಡನು.

ಆದುದರಿಂದ ಸಣ್ಣ ಪ್ರೊಪೆಲರಿನಿಂದ ಆರಂಭಿಸಬೇಕು. ಒಂದು ನಿಮಿಷ ಓಡಿಸಿ ದಂಡೆಗೆ ತಂದು ಮೋಟರನ್ನೂ ಬ್ಯಾಟರಿಯನ್ನೂ ಮುಟ್ಟಿ ನೋಡಬೇಕು. ಕೈ ತಾಳದಷ್ಟು ಬಿಸಿಯಿದ್ದರೆ ವ್ಯಾಸವನ್ನಾಗಲಿ ಪಿಚ್ಚನ್ನಾಗಲಿ ಇಳಿಸುವದೇ ಯುಕ್ತ. ನಮ್ಮ ಸುಟ್ಟ ಮೋಟರನ್ನು ನಾವು ಈಗ ತರಗತಿಯ ಮೇಜಿನ ಮೇಲೆ ಇಟ್ಟು 1837ರ ಪಾಠವನ್ನು ಆರಂಭಿಸುತ್ತೇವೆ.