ನಾಲಗೆಯ ಮೇಲೆ ಕರಗುವ ಔಷಧ

ಮಾತ್ರೆ ಎಂದೊಡನೆ ಬಾಯಿ ಬಿಗಿಹಿಡಿಯುವ ಮಕ್ಕಳು ಯಾವ ಮನೆಯಲ್ಲಿಲ್ಲ? ಆದರೆ ಕ್ಯಾನ್ಸರ್ ಚಿಕಿತ್ಸೆಯಿಂದ ಮೇಲಿಂದ ಮೇಲೆ ವಾಂತಿಯಾಗುವ ಮಗುವಿನದು ಹಟವಲ್ಲ, ಸಂಕಟ. ವಾಂತಿ ನಿಲ್ಲಿಸುವ ಮಾತ್ರೆಯೂ ಅದನ್ನು ನುಂಗಲು ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಇಂಥವರಿಗೆ ನೆರವಾಗುವುದು ಬಾಯಲ್ಲಿ ಕರಗುವ ತೆಳುಪೊರೆ. ಅಂಚೆಚೀಟಿಯಂಥ ಇದನ್ನು ನಾಲಗೆಯ ಮೇಲಿಟ್ಟರೆ ಸಾಕು, ನೀರು ಬೇಡ. ನೀರಿನಲ್ಲಿ ಕರಗುವ ಪಾಲಿಮರಿನ ದ್ರಾವಣಕ್ಕೆ ಔಷಧ ಬೆರೆಸಿ, ತೆಳುವಾಗಿ ಹರಡಿ, ಒಣಗಿಸಿ ಕತ್ತರಿಸುತ್ತಾರೆ. ಕರಾವಳಿಯವರು ಮಾವಿನ ರಸ ಹರಡಿ ಮಾಂಬಳ ಮಾಡುವ ಬಗೆಯೂ ಇದೇ ತಾನೆ! ಪೊರೆ ತೆಳುವಾದಷ್ಟೂ ಜೊಲ್ಲು ಬೇಗ ಒಳಹೊಗುತ್ತದೆ. ಕೆಲವೇ ಕ್ಷಣಗಳಲ್ಲಿ ಪೊರೆ ಕರಗುತ್ತದೆ. ಔಷಧದ ಬಹುಪಾಲು ಜೊಲ್ಲಿನೊಡನೆ ಹೊಟ್ಟೆ ಸೇರುತ್ತದೆ.

ವಾಂತಿ ತಡೆಯುವ ಒಂಡಾನ್‌ಸೆಟ್ರಾನ್ ಪೊರೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2010ರಲ್ಲಿ ಒಪ್ಪಿಗೆ ನೀಡಿತು. ಅದರಲ್ಲಿರುವ ಔಷಧ 4 ಅಥವಾ 8 ಮಿಲಿಗ್ರಾಂ ಮಾತ್ರ. 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇಷ್ಟು ತೆಳುವಾದ ಪೊರೆಯಲ್ಲಿ ಹಿಡಿಸದು. ಆದ್ದರಿಂದ ಮಾತ್ರೆಗಳ ಕಾಲ ಮುಗಿಯಿತೆನ್ನುವಂತಿಲ್ಲ.

ತೇವ ತಾಗಿದರೆ ಕೆಡುವುದರಿಂದ ಒಂದೊಂದು ಪೊರೆಗೂ ಬೇರೆ ಬೇರೆ ಪೊಟ್ಟಣ. ಒಣಗಿದ ಕೈಯಿಂದಲೇ ಬಿಡಿಸಬೇಕು. ಅದು ಮಿಠಾಯಿಯಂತೆ ಕರಗಿದರೂ ಮಿಠಾಯಿಯಲ್ಲ. ವೈದ್ಯರು ಹೇಳಿದಷ್ಟೇ ಕೊಟ್ಟು, ಉಳಿದದ್ದನ್ನು ಮಕ್ಕಳ ಕೈಗೆ ಸಿಗದಂತೆ ಇಡುವುದು ಹಿರಿಯರ ಹೊಣೆ.